ಸಾಗರ ಸಿಗುತ್ತದೆ, ಹೊಸನಗರ ಸಿಗುವುದಿಲ್ಲ

ಪ್ರಶ್ನೆ: ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡಿಕೆ ದರಗಳನ್ನು ಪೈಥಾನ್‌ನಲ್ಲಿ ಡಿಕ್ಷನರಿಯೊಳಗೆ ಡಿಕ್ಷನರಿಯಾಗಿ ಇಟ್ಟಿದ್ದೇನೆ. ಊರು ಹೊರಗಿನ ಕೀ, ರಾಶಿ, ಬೆಟ್ಟೆ ಇತ್ಯಾದಿ ಬಗೆಗಳು ಒಳಗಿನವು. ಸಾಗರದ್ದು ಮಾತ್ರ ಬರುತ್ತದೆ, ಉಳಿದೆರಡಕ್ಕೆ ‘ಕೀಎರರ್’. ಹೆಸರುಗಳೇನೋ ಸರಿಯಾಗೇ ಕಾಣುತ್ತವೆ.

ಉತ್ತರ: ಕಾಣುವುದನ್ನು ನಂಬಬೇಡಿ. ‘ಹೊ’, ‘ತೀ’ ಅಕ್ಷರಗಳ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ತುಂಡಾಗಿಯೂ ಬರೆಯಬಹುದು. ‘ಸಾಗರ’ಕ್ಕೆ ಆ ತೊಡಕಿಲ್ಲ. ‘ಲೆನ್’ ಹಾಕಿ ನೋಡಿ: ಹೊಸನಗರಕ್ಕೆ 6 ಬರಬೇಕು. 7 ಬಂದರೆ ಚಿಹ್ನೆ ತುಂಡಾಗಿದೆ, ಇಲ್ಲವೇ ಕೊನೆಗೊಂದು ಸ್ಪೇಸ್ ಅಂಟಿಕೊಂಡಿದೆ. ಕೀಗಳನ್ನು ಸೇರಿಸುವಾಗಲೂ ಹುಡುಕುವಾಗಲೂ ‘ಸ್ಟ್ರಿಪ್’ ಮಾಡಿ, ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನ ‘ನಾರ್ಮಲೈಜ್’ನಿಂದ ಎನ್‌ಎಫ್‌ಸಿ ಎಂಬ ಒಂದೇ ಸಂಕೇತದ ರೂಪಕ್ಕೆ ತನ್ನಿ. ಒಂದು ಕಡೆ ಮಾಡಿ ಇನ್ನೊಂದು ಕಡೆ ಬಿಟ್ಟರೆ ಉಪಯೋಗವಿಲ್ಲ.

ಎಲ್ಲ ಮಾರುಕಟ್ಟೆಗೂ ದಿನಾ ಎಲ್ಲ ಬಗೆಯ ಅಡಿಕೆ ಬರುವುದಿಲ್ಲವಲ್ಲ. ಆದ್ದರಿಂದ ಚೌಕ ಆವರಣದ ಬದಲು ‘ಗೆಟ್’ ಬಳಸಿ. ಊರಿನ ‘ಗೆಟ್’ಗೆ ಖಾಲಿ ಡಿಕ್ಷನರಿಯನ್ನು ಡೀಫಾಲ್ಟ್ ಕೊಡಿ, ಇಲ್ಲದಿದ್ದರೆ ಮುಂದಿನ ‘ಗೆಟ್’ ಮುಗ್ಗರಿಸುತ್ತದೆ. ದರಕ್ಕೆ ಮಾತ್ರ ಸೊನ್ನೆ ಡೀಫಾಲ್ಟ್ ಬೇಡ. ಸರಾಸರಿ ಕೆಡುತ್ತದೆ, ‘ನನ್’ ಇರಲಿ.

ವರ್ಷಗಟ್ಟಲೆಯ ದರ ತುಂಬುವುದಿದ್ದರೆ, ಅಥವಾ ಬೆಳೆಗಾರರು ಇದನ್ನು ನೋಡಿ ಮಾಲು ಮಾರುವುದಿದ್ದರೆ, ಡೇಟಾಬೇಸ್ ಬಲ್ಲವರಿಗೆ ಮೊದಲೇ ತೋರಿಸಿ.