ಮೊದಲು ಸೊಪ್ಪು, ಆಮೇಲೆ ಮೇಕೆ

ಪ್ರೀತಿಯ ಮಗಳೇ,

ಶಿರಾ ಸೀಮೆಯ ಆ ಒಣಹೊಲದ ಮನೆಯಲ್ಲಿ ಮೇಕೆ ಕಟ್ಟಬೇಕೆಂದು ಮನಸ್ಸು ಮಾಡಿದ್ದೀಯೆಂದು ಕೇಳಿ ಬಹಳ ಸಂತೋಷವಾಯಿತು. ಶೆಡ್ಡಿಗೆ ಎಷ್ಟು ಖರ್ಚಾಗುತ್ತದೆ, ಯಾವ ತಳಿ ತರಲಿ ಎಂದು ಫೋನಿನಲ್ಲಿ ಕೇಳಿದೆ. ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡು. ಮನೆಯ ಸುತ್ತ, ಬೇಲಿಯ ಉದ್ದಕ್ಕೂ ಒಮ್ಮೆ ನಡೆದು, ಏಪ್ರಿಲ್ ಬಿಸಿಲಿನಲ್ಲೂ ಹಸಿರಾಗಿ ನಿಲ್ಲುವ ಗಿಡಗಳು ಎಷ್ಟಿವೆ ಎಂದು ನೋಡಿಕೊಂಡು ಬಾ.

ಬೆಳೆದ ಮೇಕೆಯೊಂದಕ್ಕೆ ದಿನಕ್ಕೆ 3–4 ಕಿಲೋ ಹಸಿ ಸೊಪ್ಪು ಬೇಕು, ಜೊತೆಗೆ ಅರ್ಧ ಕಿಲೋವಾದರೂ ಒಣ ಮೇವು. ಮೂರು ಮೇಕೆ ಕಟ್ಟಿದರೆ ದಿನಕ್ಕೆ ಸುಮಾರು 10 ಕಿಲೋ ಸೊಪ್ಪು, ವರ್ಷಕ್ಕೆ ಮೂರೂವರೆ ಟನ್. ಮಳೆಗಾಲದಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಸಂಕ್ರಾಂತಿ ದಾಟಿದ ಮೇಲೆ ಗೊತ್ತಾಗುತ್ತದೆ. ಮೇಕೆ ಸಾಕಿ ಕೈಸುಟ್ಟುಕೊಂಡವರಲ್ಲಿ ಹೆಚ್ಚಿನವರು ಸೋತದ್ದು ಬೇಸಿಗೆಯ ಮೇವಿಗೆ. ಆದ್ದರಿಂದ ಈ ಮುಂಗಾರಿಗೆ ಬೇಲಿಯಲ್ಲಿ ಅಗಸೆ, ನುಗ್ಗೆ, ಬೇಲಿಮೆಂತೆ, ಗೊಬ್ಬರದ ಗಿಡ ಹಾಕು. ಮೇಕೆ ಬರುವುದು ಮುಂದಿನ ವರ್ಷವಾದರೂ ಚಿಂತೆಯಿಲ್ಲ. ಗೊಬ್ಬರದ ಗಿಡದ ಸೊಪ್ಪಿನ ವಾಸನೆಗೆ ಮೊದಮೊದಲು ಮೂತಿ ತಿರುಗಿಸುತ್ತವೆ. ಕೊಯ್ದು ಒಂದು ಹೊತ್ತು ಬಾಡಿಸಿ ಹಾಕಿದರೆ ತಿನ್ನುವುದನ್ನು ಕಲಿಯುತ್ತವೆ. ಸುಬಾಬುಲ್ ಮರವಿದ್ದರೆ ಅದರ ಸೊಪ್ಪು ಒಟ್ಟು ಮೇವಿನ ಮೂರನೇ ಒಂದು ಪಾಲು ಮೀರದಿರಲಿ, ಹೆಚ್ಚಾದರೆ ಕೂದಲು ಉದುರುತ್ತದೆ. ನಿಮ್ಮ ಕಡೆ ಕಡ್ಲೆಕಾಯಿ ಬೆಳೆಯುತ್ತಾರಲ್ಲ, ಕಿತ್ತ ಮೇಲೆ ಬಳ್ಳಿಯನ್ನು ಚೆನ್ನಾಗಿ ಒಣಗಿಸಿ ಬಣವೆ ಹಾಕಿಡು. ಬೂಷ್ಟು ಹಿಡಿದದ್ದನ್ನು ಮಾತ್ರ ಹಾಕಬೇಡ.

ಸೊಪ್ಪನ್ನು ಎಂದೂ ನೆಲಕ್ಕೆ ಎಸೆಯಬೇಡ. ಕಟ್ಟು ಕಟ್ಟಿ ಮೇಕೆಯ ತಲೆಮಟ್ಟಕ್ಕೆ ತೂಗುಹಾಕು. ಕಾಲಡಿ ಬಿದ್ದು ಹಿಕ್ಕೆ ಮೆತ್ತಿದ್ದನ್ನು ಅದು ಮೂಸಿಯೂ ನೋಡುವುದಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ, ಮುಟ್ಟುವುದೇನೋ ನಿಜ. ಆದರೆ ಅಲ್ಲೊಂದು ಚಿಗುರು ಇಲ್ಲೊಂದು ಎಲೆ ಕಿತ್ತು ಮುಂದೆ ಹೋಗುವುದು ಅದರ ಸ್ವಭಾವ. ಹೀಗೆ ಎತ್ತರದಲ್ಲಿ ಮೇಯುವುದೇ ಅದಕ್ಕೆ ಕ್ಷೇಮ. ಹೊಟ್ಟೆಯ ಹುಳುವಿನ ಮರಿಗಳು ಹಿಕ್ಕೆಯಿಂದ ಹೊರಬಂದು, ಇಬ್ಬನಿಯ ತೇವದಲ್ಲಿ ಹುಲ್ಲಿನ ತುದಿಗೆ ಹತ್ತಿ ಕೂತಿರುತ್ತವೆ. ಗಿಡದ ಸೊಪ್ಪು ತಿನ್ನುವ ಮೇಕೆಗೆ ಅವು ಸಿಗುವುದಿಲ್ಲ. ಕುರಿಯಂತೆ ನೆಲದ ಹುಲ್ಲು ಮೇಯಿಸಿದರೆ ಹೊಟ್ಟೆ ಸೇರುತ್ತವೆ. ಹೊರಗೆ ಬಿಡುವುದಾದರೆ ಇಬ್ಬನಿ ಆರಿದ ಮೇಲೆ ಬಿಡು.

ಆ ಹುಳು ರಕ್ತ ಹೀರುತ್ತದೆ. ಹದಿನೈದು ದಿನಕ್ಕೊಮ್ಮೆ ಪ್ರತಿ ಮೇಕೆಯ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು ಒಳಬಣ್ಣ ನೋಡು. ಕೆಂಪಗಿದ್ದರೆ ಸರಿ, ಬಿಳಿಚಿದ್ದರೆ ರಕ್ತ ಇಳಿದಿದೆ ಎಂದು ಅರ್ಥ. ದವಡೆಯ ಕೆಳಗೆ ನೀರು ತುಂಬಿದ ಹಾಗೆ ಊದಿಕೊಂಡರೆ ಕಾಯಬೇಡ, ಅವತ್ತೇ ಪಶು ವೈದ್ಯರಿಗೆ ತೋರಿಸು. ಹಿಕ್ಕೆಯನ್ನು ಪರೀಕ್ಷೆಗೆ ಕೊಟ್ಟು, ಅವರು ಹೇಳಿದ ಔಷಧಿ ಹಾಕು. ಅಂಗಡಿಯಿಂದ ಒಂದೇ ಔಷಧಿ ತಂದು ತಿಂಗಳು ತಿಂಗಳೂ ಕುಡಿಸಿದರೆ ಹುಳು ಅದಕ್ಕೆ ಬಗ್ಗುವುದಿಲ್ಲ. ಗಬ್ಬದ ಮೇಕೆಗಂತೂ ಕೇಳದೆ ಏನನ್ನೂ ಕುಡಿಸಬೇಡ.

ಮೇವಿನ ವಿಷಯದಲ್ಲೇ ಇನ್ನೊಂದು ಮಾತು. ಮಳೆ ಕೈಕೊಟ್ಟು ಬಾಡಿ ನಿಂತ ಎಳೆ ಜೋಳದ ಪೈರಿಗೆ ಬಿಡಬೇಡ, ಅದರಲ್ಲಿ ಸಯನೈಡ್ ವಿಷ ಇರುತ್ತದೆ. ಅಂಗಳದ ಕಣಗಿಲೆಯೂ ವಿಷವೇ. ಇವೆರಡಕ್ಕಿಂತ ನನಗೆ ಹೆಚ್ಚು ಭಯವಿರುವುದು ಮದುವೆ ಮನೆಯ ಅನ್ನದ ಬಗ್ಗೆ. ಮಿಕ್ಕಿದ ಅನ್ನವನ್ನು ಪಾಪ ತಿನ್ನಲಿ ಎಂದು ಬಕೆಟ್ಟುಗಟ್ಟಲೆ ಸುರಿಯುತ್ತಾರೆ. ಅದು ಹೊಟ್ಟೆಯಲ್ಲಿ ಹುಳಿಯಾಗಿ, ಒಂದೆರಡು ದಿನದಲ್ಲಿ ಗಟ್ಟಿಮುಟ್ಟಾದ ಮೇಕೆಯನ್ನೇ ಕೊಲ್ಲುತ್ತದೆ. ಮನೆಗೆ ಬಂದು ಹೋಗುವವರಿಗೆಲ್ಲ ಇದನ್ನು ಹೇಳಿಡು, ಮುಖ್ಯವಾಗಿ ನಿಮ್ಮತ್ತೆಗೆ.

ಇನ್ನು ತಳಿ. ವಿಡಿಯೋ ನೋಡಿ ಜಮುನಾಪಾರಿಗೆ ಮನಸೋತಿದ್ದೀಯ. ಉದ್ದ ಕಿವಿ, ಬಾಗಿದ ಮೂಗು, ಚೆಂದವೇನೋ ಹೌದು. ಆದರೆ ಅದು ಯಮುನಾ–ಚಂಬಲ್ ನದಿಗಳ ಕೊರಕಲು ಸೀಮೆಯ ಪ್ರಾಣಿ. ನಿಮ್ಮ ಕಡೆಯ ಬಿಳಿ ಮೇಕೆಯನ್ನೇ ನಂದಿದುರ್ಗ ಎಂಬ ಹೆಸರಿನಲ್ಲಿ ದೇಶದ ಅಧಿಕೃತ ತಳಿಗಳ ಪಟ್ಟಿಗೆ ಸೇರಿಸಿದ್ದಾರೆ, ಬೀದರಿನ ಕರಿಯ ಬಿದ್ರಿ ಮೇಕೆಯ ಜೊತೆಗೆ. ಆ ಮಣ್ಣಿಗೆ, ಆ ಬಿಸಿಲಿಗೆ ಹುಟ್ಟಿ ಬೆಳೆದದ್ದು. ಅದನ್ನೇ ತಾ, ಸಂತೆಯಿಂದ ಬೇಡ. ಸಂತೆಗೆ ನಾಲ್ಕು ಊರಿನ ರೋಗ ಬಂದಿರುತ್ತದೆ. ಅಕ್ಕಪಕ್ಕದ ಊರಿನಲ್ಲಿ ಸಾಕಿದವರ ಹಟ್ಟಿಗೇ ಹೋಗಿ, ತಾಯಿಯನ್ನೂ ನೋಡಿ, ಎರಡು ಹಲ್ಲಿನ ಹೆಣ್ಣು ಮೇಕೆ ಮೂರನ್ನು ಆರಿಸು. ಎರಡು ಹಲ್ಲು ಎಂದರೆ ವರ್ಷ ದಾಟಿ ಒಂದೂವರೆಯೊಳಗೆ. ಒಂದೇ ಒಂದನ್ನು ತರಬೇಡ, ಜೊತೆಯಿಲ್ಲದಿದ್ದರೆ ಕೊರಗಿ ಅರಚುತ್ತದೆ. ಮೂರಕ್ಕೋಸ್ಕರ ಹೋತ ಸಾಕುವುದು ದಂಡ. ಬೆದೆ 21 ದಿನಕ್ಕೊಮ್ಮೆ ಬರುತ್ತದೆ. ಬಾಲ ಅಲ್ಲಾಡಿಸಿ ಬಿಡದೆ ಅರಚತೊಡಗಿದಾಗ ರಕ್ತಸಂಬಂಧವಿಲ್ಲದ ಹೋತದ ಬಳಿಗೆ ಹೊಡೆದುಕೊಂಡು ಹೋಗು.

ಶೆಡ್ಡಿಗೆ ಸಾಲ ಬೇಡ. ಒಂದು ಮೇಕೆಗೆ 10 ಚದರ ಅಡಿ ಜಾಗ, ಗಾಳಿ, ಒಣ ನೆಲ, ರಾತ್ರಿ ನಾಯಿ ನುಗ್ಗದ ಬಾಗಿಲು ಇದ್ದರೆ ಸಾಕು. ನಿಮ್ಮ ಹಳೆಯ ಕೊಟ್ಟಿಗೆಯ ಒಂದು ಮೂಲೆಯೇ ಆಗುತ್ತದೆ.

ಲಸಿಕೆಯಲ್ಲಿ ಮಾತ್ರ ಉದಾಸೀನ ಸಲ್ಲದು. ಪಿಪಿಆರ್ ಎಂಬ ರೋಗ ನಮ್ಮ ದೇಶದಲ್ಲಿ 1987ರಲ್ಲಿ ತಮಿಳುನಾಡಿನಲ್ಲಿ ಮೊದಲು ಕಾಣಿಸಿತು. ಜ್ವರ, ಮೂಗಿನಲ್ಲಿ ಸಿಂಬಳ, ಬಾಯಿಹುಣ್ಣು, ಭೇದಿ ಹಿಡಿದು ಹಟ್ಟಿಗೆ ಹಟ್ಟಿಯೇ ಖಾಲಿಯಾಗುತ್ತದೆ. ಮರಿಗೆ ನಾಲ್ಕು ತಿಂಗಳು ತುಂಬಿದಾಗ ಹಾಕಿಸಿದ ಒಂದು ಚುಚ್ಚುಮದ್ದು ಸುಮಾರು ಮೂರು ವರ್ಷ ಕಾಯುತ್ತದೆ. ಕರುಳುಬೇನೆಯ ಲಸಿಕೆ ಪ್ರತಿ ವರ್ಷ ಮುಂಗಾರಿಗೆ ಮೊದಲೇ ಆಗಬೇಕು. ಮಳೆ ಬಿದ್ದು ಹೊಸ ಚಿಗುರು ಬಂದಾಗ ಸಂಜೆ ಕುಣಿದಾಡುತ್ತಿದ್ದ ಕೊಬ್ಬಿದ ಮರಿ ಬೆಳಿಗ್ಗೆ ಸತ್ತು ಬಿದ್ದಿರುವುದು ಈ ಬೇನೆಯಿಂದ. ಹೊರಗಿನಿಂದ ತಂದ ಮೇಕೆಯನ್ನು ಮೂರು ವಾರ ಬೇರೆಯೇ ಕಟ್ಟು. ಆಪತ್ತಾದರೆ ಪಶು ಸಹಾಯವಾಣಿ 1962ಕ್ಕೆ ಫೋನು ಮಾಡಿ ಸಲಹೆ ಕೇಳು.

ಗಬ್ಬ ಕಟ್ಟಿ ಐದು ತಿಂಗಳಿಗೆ ಮರಿ ಹಾಕುತ್ತದೆ, ಅವಳಿಯೂ ಸಾಮಾನ್ಯ. ಮರಿಯ ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚು. ಒಂದು ಗಂಟೆಯೊಳಗೆ ಗಿಣ್ಣು ಹಾಲು ಹೊಟ್ಟೆ ಸೇರಲೇಬೇಕು. ಗಿಣ್ಣು ಮಾಡಿ ತಿನ್ನುವ ಆಸೆ ಮನೆಯಲ್ಲಿ ಯಾರಿಗಿದ್ದರೂ ತಡೆ, ಅದು ಮರಿಯದು.

ಕೊನೆಗೆ ಮಾರಾಟ. ದಲ್ಲಾಳಿ ಬಂದು ಕಣ್ಣಂದಾಜಿನಲ್ಲಿ ಬೆಲೆ ಕಟ್ಟುತ್ತಾನೆ, ಅವನ ಕಣ್ಣು ಪಳಗಿದ್ದು. ಒಂದು ತೂಗುವ ತಕ್ಕಡಿ ಕೊಂಡಿಟ್ಟುಕೋ. ಬಕ್ರೀದಿಗೆ ಕೊಡುವುದಾದರೆ ಹೋತಕ್ಕೆ ವರ್ಷ ತುಂಬಿರಬೇಕು, ಕುಂಟು, ಕುರುಡು, ಊನ ಇರಬಾರದು. ಹಬ್ಬ ವರ್ಷವರ್ಷವೂ 10–11 ದಿನ ಮುಂಚೆ ಬರುತ್ತದೆ. ಆ ದಿನದಿಂದ 17 ತಿಂಗಳು ಹಿಂದಕ್ಕೆ ಎಣಿಸಿ, ಅದಕ್ಕೂ ಮುಂಚೆಯೇ ತಾಯಿ ಮೇಕೆಯನ್ನು ಹೋತಕ್ಕೆ ಬಿಟ್ಟಿರಬೇಕು.

ನಿನ್ನ ಮಗಳು ಎಲ್ಲ ಮರಿಗೂ ಹೆಸರಿಡುತ್ತಾಳೆ. ಗಂಡು ಮರಿ ಮಾಂಸಕ್ಕೆ ಹೋಗುತ್ತದೆ ಎನ್ನುವುದನ್ನು ಅದು ಹುಟ್ಟಿದ ವಾರದಲ್ಲೇ ಅವಳಿಗೆ ತಿಳಿಯ ಹೇಳು. ಲಾರಿ ಬಾಗಿಲಿಗೆ ಬಂದ ದಿನ ಹೇಳುವುದು ಮಗುವಿಗೆ ಮಾಡುವ ಮೋಸ. ಮೊದಲ ಹೆಣ್ಣು ಮರಿಯನ್ನು ಅವಳ ಪಾಲಿಗೆ ಬಿಡು. ಅದರ ತೂಕ, ಲಸಿಕೆ, ಮೇವಿನ ಖರ್ಚನ್ನು ಅವಳೇ ಪುಸ್ತಕದಲ್ಲಿ ಬರೆಯಲಿ, ದುಡ್ಡು ಬಂದರೆ ಅವಳ ಹೆಸರಿನಲ್ಲೇ ಕಟ್ಟು.

ಇತಿ,
ನಿನ್ನ ದೊಡ್ಡಮ್ಮ