ಮಾಡಿದ ಕೆಲಸದ ಬಾಕಿಯೂ ಸಾಲವೇ

ಹೊಸಪೇಟೆಯಲ್ಲಿ ಮನೆ, ಮಳಿಗೆ ಕಟ್ಟುವ ಕೆಲಸದಲ್ಲಿ ನಿಮ್ಮ ಮನೆಯವರೂ ಇರಬಹುದು. ದೊಡ್ಡ ಗುತ್ತಿಗೆದಾರರಿಂದ ಸೆಂಟ್ರಿಂಗ್, ಗಾರೆ ಅಥವಾ ಬಣ್ಣದ ಕೆಲಸವನ್ನು ತುಂಡು ಗುತ್ತಿಗೆಗೆ ಹಿಡಿಯುತ್ತೀರಿ. ಕೆಲಸ ಮುಗಿದ ಮೇಲೆ ಸಿಗುವ ಉತ್ತರ, 'ನನ್ನ ಬಿಲ್ಲು ಪಾಸಾಗಲಿ.' ನಿಮ್ಮ ಆಳುಗಳ ವಾರದ ಬಟವಾಡೆಯನ್ನು ಮಾತ್ರ ತಪ್ಪಿಸುವಂತಿಲ್ಲ.

'ನಮ್ಮವರೇ ತಾನೇ, ಬರೆದುಕೊಡಿ ಎಂದರೆ ಬೇಸರಿಸಿಕೊಂಡಾರು' ಎಂಬ ಸಂಕೋಚ ಬೇಡ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವು (ಅಲ್ ಬಕರಃ: 282) ಸಾಲವನ್ನು ಬರೆದಿಡುವ ಕುರಿತೇ ಇದೆ. ಸಾಲ ತೀರಿಸಬೇಕಾದವನೇ ಹೇಳಿ ಬರೆಯಿಸಬೇಕೆಂದು ಅದು ಆದೇಶಿಸುತ್ತದೆ. ಇದರ ಮಹತ್ವ ನೋಡಿ. 1963ರ ಕಾಲಮಿತಿ ಕಾಯ್ದೆಯಂತೆ, ಪಾವತಿಗೆ ದಿನ ಗೊತ್ತುಪಡಿಸದ ಕೆಲಸದ ಹಣಕ್ಕೆ ಕೆಲಸ ಮುಗಿದ 3 ವರ್ಷಗಳೊಳಗೆ ದಾವೆ ಹೂಡಬೇಕು. ಆ ಅವಧಿಯೊಳಗೆ ಗುತ್ತಿಗೆದಾರರು ಬಾಕಿಯನ್ನು ಒಪ್ಪಿ ಬರೆದು ಸಹಿ ಹಾಕಿದರೆ, ಅಂದಿನಿಂದ ಎಣಿಕೆ ಹೊಸದಾಗಿ ಆರಂಭವಾಗುತ್ತದೆ. ನೀವೇ ಡೈರಿಯಲ್ಲಿ ಗೀಚಿಕೊಂಡ ಲೆಕ್ಕಕ್ಕೆ ಈ ಬಲವಿಲ್ಲ.

ಇನ್ನೊಂದು ದಾರಿಯೂ ಇದೆ. ಉಳ್ಳವನು ಸಾಲ ತೀರಿಸದೆ ಸತಾಯಿಸುವುದು ಅಕ್ರಮವೆಂದ ಪ್ರವಾದಿವರ್ಯರು(ಸ), ಸಾಲವನ್ನು ಅನುಕೂಲಸ್ಥನೊಬ್ಬನಿಗೆ ವಹಿಸಿಕೊಟ್ಟರೆ ಒಪ್ಪಿಕೊಳ್ಳಬೇಕೆಂದೂ ಅದರೊಂದಿಗೇ ಕಲಿಸಿದರು (ಬುಖಾರಿ). ಫಿಕ್ಹ್‌ನಲ್ಲಿ ಇದಕ್ಕೆ 'ಹವಾಲಃ' ಎನ್ನುತ್ತಾರೆ. ಪತ್ರಿಕೆಗಳಲ್ಲಿ ಓದುವ ಹವಾಲಾ ಹಗರಣಕ್ಕೂ ಇದಕ್ಕೂ ಸಂಬಂಧವಿಲ್ಲ! ಕಟ್ಟಡದ ಮಾಲೀಕರು, ಗುತ್ತಿಗೆದಾರರು, ನೀವು ಮೂವರೂ ಕುಳಿತು, ಮಾಲೀಕರೇ ನಿಮ್ಮ ಪಾಲನ್ನು ನೇರವಾಗಿ ಕೊಡುವಂತೆ ಬರೆದುಕೊಳ್ಳಿರಿ. ಕೆಲಸ ಶುರುವಾಗುವ ಮುನ್ನವೇ ಇದನ್ನು ಕೇಳಿರಿ. ಆಮೇಲೆ ಕೇಳಿದರೆ ಜಗಳವಾದೀತು.

ಗುತ್ತಿಗೆದಾರರು ನಿಜವಾಗಿಯೂ ಕಷ್ಟದಲ್ಲಿದ್ದರೆ ಕಾಲಾವಕಾಶ ಕೊಡಬೇಕು (ಅಲ್ ಬಕರಃ: 280). ಆದರೆ ಆ ಹೊಸ ತಾರೀಖನ್ನೂ ಅವರಿಂದಲೇ ಬರೆಯಿಸಿಕೊಳ್ಳಿರಿ.