ಸಾಂಕ್ರಾಮಿಕ ಕಾಲದಲ್ಲಿ ಬಡ ಮಕ್ಕಳ ಆಹಾರ

ಊರಿನಲ್ಲಿ ರೋಗವು ಹರಡಿದಾಗ ಗ್ರಾಮದ ಮುಖಂಡರ ಗಮನವು ರೋಗಿಗಳ ಕಡೆಗೇ ಹರಿಯುವುದು ಸಹಜವಾದುದು. ಆದರೆ ಕೂಲಿ ನಿಂತ ಮನೆಗಳಲ್ಲಿ ರೋಗವು ತಗಲದಿದ್ದರೂ ಎಳೆಯ ಮಕ್ಕಳು ಸೊರಗುವುದುಂಟು. ಹಾಗೆ ಸೊರಗಿದ ಮಗುವಿಗೆ ಮುಂದೆ ಭೇದಿಯೋ ಕೆಮ್ಮೋ ಬಂದಲ್ಲಿ ಪ್ರಾಣಾಪಾಯವು ಹೆಚ್ಚು.

2020ರ ಅನುಭವ: ಕರ್ನಾಟಕದಲ್ಲಿ ಅಂಗನವಾಡಿಗಳ ಏರ್ಪಾಡು 1975ನೆಯ ಅಕ್ಟೋಬರ್ 2ರಂದು ತಿರುಮಕೂಡಲು ನರಸೀಪುರದಲ್ಲಿ ಮೊದಲಾಯಿತು. 6 ತಿಂಗಳಿಂದ 6 ವರ್ಷದವರೆಗಿನ ಮಗುವಿಗೆ ಅಂಗನವಾಡಿಯ ಮೂಲಕ ಆಹಾರವನ್ನು ಪಡೆಯುವ ಹಕ್ಕನ್ನು 2013ರ ಆಹಾರ ಭದ್ರತಾ ಕಾಯಿದೆಯು ಕೊಟ್ಟಿತು. 2020ರ ಮಾರ್ಚಿಯಲ್ಲಿ ಕೋವಿಡ್ ಕಾರಣದಿಂದ ಕೇಂದ್ರಗಳು ಮುಚ್ಚಲ್ಪಟ್ಟಾಗ, ಬೇಯಿಸಿದ ಊಟಕ್ಕೆ ಬದಲಾಗಿ ಧಾನ್ಯವನ್ನು ಮನೆಗಳಿಗೆ ತಲುಪಿಸಲಾಯಿತು. ಅದು ದೊಡ್ಡ ಉಪಕಾರವೇ ಸರಿ. ಆದರೂ ಒಂದು ಭೇದವನ್ನು ಗಮನಿಸತಕ್ಕದ್ದು. ಕೇಂದ್ರದಲ್ಲಿ ಬಡಿಸಿದ ಅನ್ನವು ಮಗುವಿನ ಹೊಟ್ಟೆಗೇ ಸೇರುವುದು. ಮನೆಗೆ ಬಂದ ಧಾನ್ಯವು ಎಲ್ಲರ ಮಡಕೆಗೂ ಬೀಳುವುದು. ಹಸಿದ ಮನೆಯಲ್ಲಿ ಇದು ಯಾರ ತಪ್ಪೂ ಅಲ್ಲ. ಆದುದರಿಂದ ಮಗುವಿನ ಪಾಲನ್ನು ಮಗುವಿಗೆ ಮಾತ್ರವೇ ಒಪ್ಪುವ ರೂಪದಲ್ಲಿ ಕೊಡುವುದು ಮೇಲು.

ಹಿಟ್ಟನ್ನು ಮಾಡುವ ಕ್ರಮ: ರಾಗಿಯನ್ನು ಶುಚಿಮಾಡಿ, ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಒಂದೆರಡು ದಿನ ಮೊಳೆಯಲು ಬಿಡಬೇಕು. ಬಳಿಕ ಚೆನ್ನಾಗಿ ಒಣಗಿಸಿ, ಮೊಳಕೆಯನ್ನು ಉಜ್ಜಿ ತೆಗೆದು, ಹಸಿ ವಾಸನೆ ಹೋಗುವಷ್ಟು ಮಾತ್ರ ಬೆಚ್ಚಗೆ ಮಾಡಿ ಬೀಸತಕ್ಕದ್ದು. ಇಂಥ ಹಿಟ್ಟು ಮೂರು ಪಾಲಿಗೆ ಹುರಿಗಡಲೆಯ ಹಿಟ್ಟು ಒಂದು ಪಾಲು ಬೆರೆಸಿ, ಮುಚ್ಚಳವುಳ್ಳ ಒಣ ಡಬ್ಬಿಯಲ್ಲಿ ಇಡಬೇಕು. ಮೊಳೆತ ರಾಗಿಯ ಗಂಜಿಯು ಬೇಗ ಗಟ್ಟಿಯಾಗದು; ಆದಕಾರಣ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಯುವುದು, ಮಗುವಿಗೆ ನುಂಗಲೂ ಸುಲಭ. ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಚೆನ್ನಾಗಿ ಕುದಿಸಿ, ಒಂದು ಚಮಚ ಎಣ್ಣೆಯನ್ನೋ ತುಪ್ಪವನ್ನೋ ಸೇರಿಸತಕ್ಕದ್ದು. ಕಡಲೆಕಾಯಿಯ ಪುಡಿಯನ್ನು ಬೆರೆಸುವುದಾದರೆ, ಬೂಷ್ಟು ಹಿಡಿದ ಬೀಜವು ವಿಷಕರವಾದುದರಿಂದ ಅದನ್ನು ಆರಿಸಿ ಎಸೆಯಬೇಕು.

ಉಣಿಸುವ ಕ್ರಮ: 6 ತಿಂಗಳು ತುಂಬುವವರೆಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ, ನೀರು ಸಹ ಬೇಡ. ತಾಯಿಗೆ ಕೋವಿಡ್ ತಗಲಿದ್ದರೂ ಕೈತೊಳೆದು, ಬಾಯಿ ಮೂಗುಗಳನ್ನು ಮುಚ್ಚಿಕೊಂಡು ಹಾಲೂಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿತು. 6 ತಿಂಗಳ ಮೇಲೆ ತಾಯಿಯ ಹಾಲಿನ ಜತೆಗೆ ದಿನಕ್ಕೆ ಎರಡು ಮೂರು ಸಲ, 9 ತಿಂಗಳ ಮೇಲೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಉಣಿಸತಕ್ಕದ್ದು. ಕಾಯಿಲೆಯೆಂದು ಆಹಾರವನ್ನು ನಿಲ್ಲಿಸಕೂಡದು.

ಭೂಮಾಲೀಕರ ಕೆಲಸ: ಮಗುವೊಂದಕ್ಕೆ ದಿನಕ್ಕೆ 100 ಗ್ರಾಂ ಹಿಟ್ಟಿನಂತೆ ಲೆಕ್ಕಹಾಕಿದರೆ, 20 ಮಕ್ಕಳಿಗೆ ತಿಂಗಳಿಗೆ 60 ಕಿಲೋಗ್ರಾಂ ಆಗುವುದು. ಇದಕ್ಕೆ 45 ಕಿಲೋ ರಾಗಿಯ ಹಿಟ್ಟು, 15 ಕಿಲೋ ಹುರಿಗಡಲೆಯ ಹಿಟ್ಟು ಸಾಕು. ಮೊಳೆಸುವಾಗ ತೂಕವು ತಗ್ಗುವುದರಿಂದ ರಾಗಿಯನ್ನು ಕೆಲವು ಕಿಲೋ ಹೆಚ್ಚಾಗಿ ತೆಗೆದಿಡಬೇಕು. ಸುಗ್ಗಿಯ ಕಣದಲ್ಲಿಯೇ ನಾಲ್ಕು ಜನ ಸೇರಿ ಇಷ್ಟನ್ನು ಬೇರೆ ಕಟ್ಟಿಟ್ಟರೆ ಯಾರಿಗೂ ಭಾರವೆನಿಸದು. ಸರಕಾರದಿಂದ ಬರುವ ಪಡಿತರದ ಜತೆಗೆ ಇದು ಸಲ್ಲಬೇಕೇ ಹೊರತು ಅದರ ಬದಲಿಗಲ್ಲ.

ಮುಖಂಡರು ಅಂಗನವಾಡಿ ಕಾರ್ಯಕರ್ತೆಯರಿಂದ ಮಕ್ಕಳ ಪಟ್ಟಿಯನ್ನು ಮೊದಲೇ ಪಡೆದಿರತಕ್ಕದ್ದು. 6 ತಿಂಗಳಿಂದ 5 ವರ್ಷದ ಮಗುವಿನ ರಟ್ಟೆಯ ನಡುವಿನ ಸುತ್ತಳತೆಯು 11.5 ಸೆಂಟಿಮೀಟರಿಗಿಂತ ಕಡಿಮೆಯಾಗಿದ್ದರೆ, ಅಥವಾ ಎರಡು ಪಾದಗಳೂ ಊದಿದ್ದರೆ, ಮನೆಯ ಗಂಜಿಯಿಂದಲೇ ಗುಣವಾದೀತೆಂದು ಕಾಯದೆ ಅಂದೇ ಆಸ್ಪತ್ರೆಗೆ ಕಳುಹಿಸತಕ್ಕದ್ದು. ರೋಗವು ಯಾವಾಗ ಬರುವುದೆಂದು ಹೇಳಲಾಗದು. ಆದರೆ ಸುಗ್ಗಿಯು ವರ್ಷಕ್ಕೊಮ್ಮೆ ಬಂದೇ ಬರುವುದು. ಮಕ್ಕಳ ಪಾಲನ್ನು ತೆಗೆದಿಡಲು ಅದೇ ತಕ್ಕ ಕಾಲವು.